ನಾಲ್ಕು ಪೆಂಟಿ ಬೆಲ್ಲ

ಅರಭಾವಿ,
೬ ನವೆಂಬರ್ ೨೦೨೫

ಪ್ರೀತಿಯ ಅಣ್ಣಾ,

ಅಲ್ಲಿ ಚಳಿ ಹೆಚ್ಚಿರಬೇಕು. ದಿನವಿಡೀ ರಸ್ತೆ ಕೆಲಸದ ರೋಲರ್ ಮೇಲೆ ಕೂರುವ ನಿನ್ನ ಮೊಣಕಾಲು ನೋವು ಹೇಗಿದೆ? ಅವ್ವ ಕೊಟ್ಟ ಕಂಬಳಿಯನ್ನು ನೀನೇ ಹೊದೆಯುತ್ತೀಯೋ, ಜೊತೆಯವರಿಗೆ ಕೊಟ್ಟುಬಿಟ್ಟೆಯೋ? ನಾವು ಆರಾಮ ಇದ್ದೇವೆ ಎಂದು ಬರೆಯಲೆಂದೇ ಕೂತೆ. ಆದರೆ ಇವತ್ತು ಬೆಳಿಗ್ಗೆ ಹಗ್ಗದ ಮೇಲೆ ಸೀರೆಯ ಜೊತೆ ಒಣಹಾಕಿದ್ದ ಅವ್ವನ ಜಂಪರ್ ತಿರುವಿ ಹಾಕುವಾಗ ನೋಡಿದೆ. ಎರಡೂ ಬದಿಗೆ ಒಳಗೆ ಒಂದು ಹೊಸ ಹೊಲಿಗೆ, ಅದಕ್ಕೂ ಒಳಗೆ ಇನ್ನೊಂದು. ದಾರದ ಬಣ್ಣ ಬೇರೆ ಬೇರೆ. ಇದನ್ನು ಫೋನಿನಲ್ಲಿ ಹೇಳಲಾರೆ, ನೀನು ಫೋನ್ ಮಾಡಿದಾಗಲೆಲ್ಲ ಅವಳು ಪಕ್ಕದಲ್ಲೇ ಕೂತಿರುತ್ತಾಳೆ.

ನಿನ್ನ ಬೈಕನ್ನು ಈಗ ನಾನೇ ಓಡಿಸುತ್ತೇನೆ. ಮೂಡಲಗಿಯ ಶಾಲೆಗೆ ಪಾಠ ಹೇಳಲು ಹೋಗುವಾಗ ಅವ್ವನನ್ನು ದಾರಿಯಲ್ಲಿ ಸಸಿ ತೋಟದ ಕೂಲಿಗೆ ಇಳಿಸುತ್ತೇನೆ. ಹಿಂದಿನ ಗಾಲಿಯ ಹಳೆಯ ಎರಡು ಶಾಕಪ್ಸರ್ ಕಿತ್ತು ನಡುವೆ ದಪ್ಪನೆಯದೊಂದನ್ನು ಕೂಡಿಸಿದೆಯಲ್ಲ, ಅದರ ಸ್ಪ್ರಿಂಗ್ ನಿನಗೂ ನಿನ್ನ ಗೆಳೆಯ ಮಲ್ಲೇಶನಿಗೂ ಸರಿ. ನಮ್ಮ ತೂಕಕ್ಕೆ ಬಗ್ಗುವುದೇ ಇಲ್ಲ. ಪ್ರತಿ ತಗ್ಗಿಗೂ ಅವ್ವ ಪುಟಿದು ಸೊಂಟ ಹಿಡಿದುಕೊಳ್ಳುತ್ತಾಳೆ. ಕಳೆದ ವಾರ ಇಬ್ಬರೂ ಮೂಡಲಗಿಯ ಗಾಡಿ ಮೇಸ್ತ್ರಿ ರಾಜಪ್ಪ ಕಾಕಾನ ಹತ್ತಿರ ಹೋದೆವು. "ನಿಮ್ಮಣ್ಣ ಗಾಡಿ ಮಾಡ್ಯಾನೊ, ಕಲ್ಲಿನ ಕಟ್ಟಿ ಮಾಡ್ಯಾನೊ" ಎಂದು ನಿನ್ನನ್ನು ಬೈದು, ಇಬ್ಬರ ತೂಕ ಕೇಳಿದ. ನನ್ನದು ಐವತ್ತು ಎಂದೆ. ಅವ್ವನದು ನಾನು ಹೇಳುವ ಮೊದಲೇ ಅವಳೇ ಅರವತ್ತೆರಡು ಎಂದಳು. ಆ ಲೆಕ್ಕಕ್ಕೇ ಸ್ಪ್ರಿಂಗ್ ತರಿಸಿದ.

ನಿನ್ನೆ ಅದನ್ನು ಹಾಕಿ, ನಮ್ಮನ್ನು ಕೂರಿಸಿ, ಸೀಟು ಎಷ್ಟು ಇಳಿಯಿತೆಂದು ಟೇಪು ಹಿಡಿದ. ಒಂದೂವರೆ ಇಂಚು ಇಳಿಯಬೇಕಿತ್ತಂತೆ, ಒಂದು ಇಂಚೂ ಇಳಿದಿರಲಿಲ್ಲ. "ಸ್ಪ್ರಿಂಗ್ ಖರೆನ ಹೇಳತೈತಿ, ಕಾಶೆವ್ವಾ. ತೂಕ ಹೇಳಿದವ್ರನ್ನ ಕೇಳಬೇಕ" ಎಂದು ಅವ್ವನ ಮುಖ ನೋಡಿದ. ಬಾಜೂ ಬೆಲ್ಲದ ಅಂಗಡಿಯ ತೂಕದ ಕಾಟಾ ಮೇಲೆ ನಿಲ್ಲು ಎಂದರೆ ಅವ್ವ ನಿಲ್ಲಲಿಲ್ಲ. "ನಾ ಏನ ಬೆಲ್ಲದ ಪೆಂಟಿ ಏನ? ನಿನ್ನ ಟೇಪ ಹಳೇದಾಗೇತಿ, ಹೊಸಾದ ತಗೋ" ಎಂದು ಎಲ್ಲರನ್ನೂ ನಗಿಸಿ, ದಾರದ ಉಂಡೆ ತರುತ್ತೇನೆಂದು ಎದುರಿನ ಅಂಗಡಿಗೆ ಹೋದಳು.

ರಾಜಪ್ಪ ಕಾಕಾ ನಗಲಿಲ್ಲ. ನನ್ನನ್ನು ಮುಂದೆ ಕೂರಿಸಿಯೇ ಇಟ್ಟು, ಅವ್ವ ಕೂತಿದ್ದ ಕಡೆ ಬಾಜೂ ಅಂಗಡಿಯಿಂದ ತಂದ ಹತ್ತು ಕಿಲೋದ ಬೆಲ್ಲದ ಪೆಂಟಿಗಳನ್ನು ಒಂದೊಂದಾಗಿ ಇಡುತ್ತ ಹೋದ. ಅವ್ವ ಕೂತಾಗ ಟೇಪು ತೋರಿಸಿದ ಗುರುತಿಗೇ ಸೀಟು ಬರಬೇಕಿತ್ತು. ನಾಲ್ಕಕ್ಕೇ ಬಂತು. ಎತ್ತಿಕೊಂಡಿದ್ದ ಐದನೆಯದನ್ನು ನೆಲಕ್ಕಿಟ್ಟ. ಹಿಂದೆ ತಿರುಗಿ ನೋಡುವ ಧೈರ್ಯ ನನಗಾಗಲಿಲ್ಲ. ಅಷ್ಟು ದಿನ ನನ್ನ ಬೆನ್ನಿಗೇ ಕೂತು ಬಂದವಳು, ಅಣ್ಣಾ. ಅವಳು ಹಗುರಾಗುತ್ತಿದ್ದುದು ಗಾಡಿಗೆ ತಿಳಿಯಿತು, ನನಗೆ ತಿಳಿಯಲಿಲ್ಲ.

ಅವ್ವ ಬರುವುದರೊಳಗೆ ಪೆಂಟಿಗಳನ್ನು ಇಳಿಸಿದೆವು. ಮನೆಗೆ ಬಂದ ಮೇಲೆ ಮೆಲ್ಲಗೆ ಕೇಳಿದ್ದಕ್ಕೆ ಅವಳು ಹೇಳಿದ್ದು ಇಷ್ಟೇ: "ಅವಂಗ ಹೇಳಬ್ಯಾಡ. ಕೆಲಸ ಬಿಟ್ಟ ಬರತಾನ."

ಮಲ್ಲೇಶ ನಿನ್ನನ್ನು ಕೇಳಿದ್ದಾನೆ. ಹುಷಾರಾಗಿರು, ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ತಂಗಿ,
ದಾಕ್ಷಾಯಿಣಿ

ತಾ.ಕ.: ಇವತ್ತು ಶಾಲೆ ಬಿಟ್ಟ ಮೇಲೆ ಅವ್ವನ ನಲವತ್ತು ಕಿಲೋದ ಲೆಕ್ಕಕ್ಕೆ ಮೆತ್ತನೆಯ ಸ್ಪ್ರಿಂಗ್ ಹಾಕಿಸಿದ್ದೇನೆ. ಸೋಮವಾರ ಶಾಲೆಗೆ ರಜೆ ಹಾಕಿ ಅವ್ವನನ್ನು ಗೋಕಾಕದ ದೊಡ್ಡ ಡಾಕ್ಟರ ಹತ್ತಿರ ಕರೆದೊಯ್ಯುತ್ತೇನೆ. ಸಸಿ ತೋಟದ ಕಡೆ ಗಾಡಿ ತಿರುಗಿಸುವುದಿಲ್ಲ, ಅವಳಿಗೆ ಇನ್ನೂ ಹೇಳಿಲ್ಲ. ಅರವತ್ತೆರಡರ ಸ್ಪ್ರಿಂಗನ್ನು ರಾಜಪ್ಪ ಕಾಕಾ ವಾಪಸು ಕೇಳಿದ, ಮುಂದೆ ಬೇಕಾಗುತ್ತದೆ ಎಂದು ಕೊಡಲಿಲ್ಲ. ಅವಳ ಜಂಪರ್‌ಗಳ ಕೆಳಗೆ ಟ್ರಂಕಿನಲ್ಲಿ ಇಟ್ಟಿದ್ದೇನೆ.