ಗಾಳೆಮ್ಮನ ಹಣೆಯ ಉಪ್ಪು

ಕೊಪ್ಪಳದ ಓಟಗಟ್ಟೆ, ಎರಡನೆಯ ಬೇಸಿಗೆಯ ನಲವತ್ತೊಂದನೇ ದಿನ, ೨೩೧೪

ಹಿಂದಿನ ಕಾಲದ ಓಟಗಾರರಿಗೆ ಹುಲಿಗೆವ್ವನ ನಮಸ್ಕಾರ.

ನನ್ನ ಮಾತು ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಮಗೆ ವರ್ಷಕ್ಕೆ ಎರಡು ಬೇಸಿಗೆ. ಆ ಬಿಸಿಲಿಗೆ ಯಂತ್ರಗಳೆಲ್ಲ ಕೆಟ್ಟು ಕೂರುತ್ತವೆ. ಊರಿಂದ ಊರಿಗೆ ಔಷಧಿ ಒಯ್ಯುವವರು ಓಡುವ ಮಕ್ಕಳೇ. ನೀವು ಪದಕಕ್ಕಾಗಿ, ಖುಷಿಗಾಗಿ ಓಡುತ್ತಿದ್ದಿರಂತೆ. ನೆಲ ಅಗೆದರೆ, ಓಡುವಾಗ ಶಕ್ತಿಗೆಂದು ನೀವು ಹೀರುತ್ತಿದ್ದ ಜೆಲ್ ಪೊಟ್ಟಣಗಳು ಈಗಲೂ ಸಿಗುತ್ತವೆ, ಅರ್ಧ ಹಿಂಡಿ ಎಸೆದಂಥವು. ಕಂಡಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ನಮ್ಮ ಜೆಲ್ಲಿಗೆ ಬೆವರಂಟು ಎನ್ನುತ್ತೇವೆ: ಬೆಲ್ಲದ ಪಾಕಕ್ಕೆ ಉಪ್ಪು, ಹುಣಸೆ ರಸ ಹಾಕಿ ಕಾಯಿಸಿದ ಅಂಟು. ಒಬ್ಬೊಬ್ಬರಿಗೆ ಒಂದೊಂದು ಹದ. ಓಡಿ ಬಂದ ಮಗಳ ಹಣೆಗೆ ತಾಯಿ ನಾಲಿಗೆ ತಾಗಿಸಿ, ಬೆವರಲ್ಲಿ ಎಷ್ಟು ಉಪ್ಪು ಹೋಯಿತೆಂದು ನೋಡಿ, ಮರುದಿನದ ಅಂಟಿಗೆ ಅಷ್ಟು ಬೆರೆಸಬೇಕು. ನನ್ನ ಗಾಳೆಮ್ಮನ ಬೆವರೋ, ಅಬ್ಬಬ್ಬಾ, ಸಮುದ್ರ! “ಥೂ, ಬಿಡಬೇ ಯವ್ವಾ, ನಾ ಏನ್ ಉಪ್ಪಿನಕಾಯಿ ಏನ್?” ಎಂದು ಮುಖ ತಿರುಗಿಸುತ್ತಿದ್ದಳು. ನಾನು ಬಿಡುತ್ತಿರಲಿಲ್ಲ.

ಹೋದ ತಿಂಗಳು ಬಾಣಂತಿಯೊಬ್ಬಳಿಗೆ ಔಷಧಿ ಹೊತ್ತು ಗಂಗಾವತಿಗೆ ಹೊರಟಳು. ದಾರಿಯಲ್ಲಿ ಮರಿಸ್ವಾಮಿ ಎಂಬ ಬೇರೆ ಊರಿನ ಓಟಗಾರ ಕಾಲು ಸೆಟೆದು ಬಿದ್ದಿದ್ದ. ಅವನ ಅಂಟು ಮುಗಿದಿತ್ತು. ಇವಳು ತನ್ನ ಪೊಟ್ಟಣಗಳನ್ನೆಲ್ಲ ಅವನಿಗೇ ತಿನ್ನಿಸಿದಳು. “ನಮ್ಮವ್ವ ಮಾಡಿದ್ದು, ತಿನ್ನಣ್ಣಾ. ನನಗ ನೀರು ಐತಿ” ಎಂದಳಂತೆ. ನೀರೇನೋ ಇತ್ತು. ಬಿಸಿಲಲ್ಲಿ ಅದನ್ನೇ ಕುಡಿಯುತ್ತಾ ಓಡಿದಳು. ಬೆವರಿ ಉಪ್ಪು ಕಳೆದುಕೊಂಡ ಮೈಗೆ ಬರೀ ನೀರು ಸುರಿದರೆ ಮಿದುಳು ಊದಿಕೊಂಡು ಮಂಪರು ಹಿಡಿಯುತ್ತದೆ. ಔಷಧಿ ಬಾಣಂತಿಯ ಕೈ ಸೇರಿತು. ನನ್ನ ಮಗಳು ಆ ಮನೆಯ ಅಂಗಳದಲ್ಲೇ ಬಿದ್ದಳು, ಮತ್ತೆ ಏಳಲಿಲ್ಲ.

ನಿನ್ನೆ ಮರಿಸ್ವಾಮಿ ಬಂದು ಹೊಸ್ತಿಲ ಮೇಲೆ ಕುಳಿತು ಅತ್ತ. ಬಾಯಿಗೆ ಬಂದ ಹಾಗೆ ಬೈಯಬೇಕೆಂದಿದ್ದೆ. ಅವನ ಮುಖ ನೋಡಿ, ಉಂಡು ಹೋಗಪ್ಪಾ ಎಂದುಬಿಟ್ಟೆ. ಅವನು ಉಂಡ. ನಾನು ಇನ್ನೊಂದು ರೊಟ್ಟಿ ಹಾಕಿದೆ.

ಆ ದಿನ ಗಾಳೆಮ್ಮನನ್ನು ಹೊತ್ತು ತಂದವರು ಒಳ್ಳೆಯವರೇ. ತಾಯಿಗೆ ಧೂಳು ಕಾಣಬಾರದೆಂದು ಅವಳ ಮುಖ ತೊಳೆದು ತಂದಿದ್ದರು. ನಾನು ಬಗ್ಗಿ ಹಣೆಗೆ ನಾಲಿಗೆ ತಾಗಿಸಿದೆ. ಏನೂ ಇರಲಿಲ್ಲ, ಬರೀ ನೀರು.

ಪಕ್ಕದಲ್ಲಿ ಓಡುವವರು ಬರೀ ನೀರು ಕುಡಿಯುತ್ತಿದ್ದರೆ ಉಪ್ಪು ಇದೆಯೇ ಎಂದು ಒಂದು ಮಾತು ಕೇಳಿರಪ್ಪಾ. ಮತ್ತೆ, ಓಟ ಮುಗಿಸಿ ಮನೆಗೆ ಹೋದ ಕೂಡಲೇ ಮುಖ ತೊಳೆಯಬೇಡಿ. ಮೊದಲು ನಿಮ್ಮವ್ವನ ಹತ್ತಿರ ಹೋಗಿ.