ಕಂಬ ನಿಲ್ಲದ ಜಾಗದ ಆಳ

ನದಿ ಕಾಮಗಾರಿ ವಿಭಾಗದ ಮುಖ್ಯ ಎಂಜಿನಿಯರ್ ಅವರಿಗೆ,

ಮಾನ್ಯರೇ, ನಮ್ಮ ದಂಡೆ ಕುಸಿಯುತ್ತಿದೆ ಎಂದು ಬರೆದಿದ್ದ ಅರ್ಜಿಗೆ ನಿಮ್ಮ ಉತ್ತರ ತಲುಪಿತು. "ನದಿಯ ತಳ ಎಲ್ಲಿಯೂ ಕೊರೆದುಹೋಗಿರುವುದಿಲ್ಲ, ಬದಲಿಗೆ ಒಂದೂವರೆ ಅಡಿ ಏರಿರುತ್ತದೆ, ಆದಕಾರಣ ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ." ಓದಿ ಸಮಾಧಾನವಾಯಿತು. ನನ್ನ ಅಕ್ಕನಿಗೂ ಅವಳ ಹಿತ್ತಿಲಲ್ಲೇ ನಿಂತು ಓದಿ ಹೇಳಿದೆ. ಮೂವತ್ತು ಹೆಜ್ಜೆಯಿದ್ದ ಹಿತ್ತಿಲು ಈಗ ಒಂಬತ್ತು ಹೆಜ್ಜೆ ಉಳಿದಿರುವುದರಿಂದ, ಇಬ್ಬರೂ ಸ್ವಲ್ಪ ಒತ್ತಿಕೊಂಡು ನಿಲ್ಲಬೇಕಾಯಿತು.

ನಾನು ದೋಣಿಯವನು. ಬೇರೆಯವರ ದೋಣಿಯಲ್ಲಿ ತುಂಬಿದ ನೀರು ಎತ್ತಿ ಚೆಲ್ಲುತ್ತಿದ್ದವನು ಈಗ ಸ್ವಂತ ಮೂರು ದೋಣಿ ಇಟ್ಟಿದ್ದೇನೆ. ಓದಿದ್ದು ಕಡಿಮೆ, ಬರೆದಿಟ್ಟಿದ್ದು ಜಾಸ್ತಿ. ದಿನದ ಮೊದಲ ದೋಣಿ ಬಿಡುವ ಮುನ್ನ, ಅಡಿಯ ಗುರುತು ಕೊರೆದ ಬಿದಿರ ಗಳವನ್ನು ಅಕ್ಕನ ಮನೆಯ ಹಿಂದಿನ ನೀರಿಗೆ ಇಳಿಸಿ, ಆಳವನ್ನು ಪುಸ್ತಕದಲ್ಲಿ ಬರೆಯುವುದು ಇಪ್ಪತ್ತೆರಡು ವರ್ಷದ ಅಭ್ಯಾಸ. ಎದುರು ದಂಡೆಯಲ್ಲಿ ನಿಮ್ಮ ಗೋಡೆಗಳು ಏಳುವ ಮುಂಚಿನ ಬೇಸಿಗೆಯಲ್ಲಿ ಅಲ್ಲಿ ಏಳು ಅಡಿ. ಎದ್ದ ಮರುವರ್ಷ ಹನ್ನೊಂದು. ಈ ಬೇಸಿಗೆಯಲ್ಲಿ ಹದಿನೆಂಟು ಅಡಿಯ ಗಳಕ್ಕೆ ತಳ ಸಿಗಲಿಲ್ಲ. ಸಿಗಲಿಲ್ಲ ಎಂದೇ ಬರೆದಿದ್ದೇನೆ. ನೀವಾಗಿದ್ದರೆ ಏನು ಬರೆಯುತ್ತಿದ್ದಿರೋ ಗೊತ್ತಿಲ್ಲ.

ಎದುರು ದಂಡೆಯ ಗೋದಾಮು ಉಳಿಸಲು ತಾವು ದಂಡೆಯಿಂದ ನದಿಯೊಳಕ್ಕೆ ಐದು ಕಲ್ಲಿನ ಗೋಡೆ ಚಾಚಿದಿರಿ. ಗೋಡೆಗೋಡೆಗಳ ನಡುವೆ ನೀರು ನಿಧಾನವಾಯಿತು, ಹೂಳು ಕೂತಿತು, ಗೋದಾಮು ಉಳಿಯಿತು. ಅಷ್ಟರಮಟ್ಟಿಗೆ ಕೆಲಸ ಚೊಕ್ಕ, ಒಪ್ಪುತ್ತೇನೆ. ಆದರೆ ಅಲ್ಲಿ ಜಾಗ ಸಿಗದ ನೀರು ಎಲ್ಲಿಗೆ ಹೋಗಬೇಕಿತ್ತು? ಬಂದ ದಾರಿಗೆ ಸುಂಕವಿಲ್ಲವೆಂದು ಬೆಟ್ಟ ಹತ್ತಬೇಕಿತ್ತೇ? ನಿಮ್ಮ ಕಚೇರಿಯ ಬೆಂಚಿನ ಮೇಲೆ ನಮ್ಮ ಹಾಗೆ ಕಾದು ಕೂರಬೇಕಿತ್ತೇ? ಮುನ್ನೂರು ಅಡಿ ಅಗಲದಲ್ಲಿ ನಡೆಯುತ್ತಿದ್ದ ನೀರು ಈಗ ನೂರೆಂಬತ್ತು ಅಡಿಯಲ್ಲಿ ಓಡುತ್ತಿದೆ. ಓಡುವ ನೀರು ತಳವನ್ನು ಅಗೆಯುತ್ತದೆ, ತಳ ಹೋದ ಮೇಲೆ ದಂಡೆ ತಾನಾಗಿ ಕೂರುತ್ತದೆ. ಅದರಲ್ಲೂ ಮೂರನೆಯ ಗೋಡೆ ಎಲ್ಲಕ್ಕಿಂತ ಉದ್ದ. ಅದರ ಮೂತಿಗೆ ಬಡಿದ ಸೆಳವು ಬೇರೆ ಯಾರ ಮನೆಯನ್ನೂ ಕೇಳದೆ ನೇರ ಅಕ್ಕನ ಹಿತ್ತಿಲಿಗೆ ಬರುತ್ತದೆ.

ಹಾಗಾದರೆ ನಿಮ್ಮ ತಳ ಏರಿದ್ದು ಹೇಗೆ? ತಿಳಿಯಲೆಂದು ನಿಮ್ಮ ಅಳತೆಗಾರರು ಮತ್ತೆ ಬಂದ ದಿನ ಜೊತೆಗೆ ಹೋದೆ. ತಳದ ಏರಿಳಿತ ತೋರಿಸುವ ಅಳತೆಯ ಕಂಬ ಎರಡನೆಯ ಮತ್ತು ಮೂರನೆಯ ಗೋಡೆಗಳ ಸಂದಿಯಲ್ಲಿ, ಹೂಳಿನ ನಡುವೆ, ಸುಖವಾಗಿ ನಿಂತಿತ್ತು.

"ಅಲ್ಲ ಸಾರ್, ಇಲ್ಲಿ ನೀರು ಗೊರಕೆ ಹೊಡೀತಿದೆ. ಕಂಬ ನಮ್ಮ ಕಡೆ ಅಲ್ವಾ ಇರ್ಬೇಕಾದ್ದು?"

"ನಿಮ್ಮ ಕಡೇನೇ ನೆಟ್ಟಿದ್ದೆ ಕಣಯ್ಯಾ. ಒಂದ್ಸಲ ಅಲ್ಲ, ಮೂರ್ ಸಲ. ಮೂರೂ ಕೊಚ್ಕೊಂಡ್ ಹೋದ್ವು."

"ಹೋಗಿದ್ದನ್ನ ಬರೆದ್ರಾ?"

"ಕಂಬಾನೇ ಇಲ್ಲ, ಏನಂತ ಬರೀಲಿ? ನಿಲ್ಲೋ ಕಡೆ ನೆಡು ಅಂದ್ರು ಸಾಹೇಬ್ರು. ಇಲ್ಲಿ ನಿಂತಿದೆ. ನಿನಗೇನಪ್ಪಾ, ಕೆಲಸ ಹೋಗೋದು ನಂದು."

ಅವರನ್ನು ದೂರುತ್ತಿಲ್ಲ. ನಿಲ್ಲುವ ಕಡೆ ನೆಡು ಎಂದವರು ತಾವು. ನದಿ ಮೂರು ಸಲ ತನ್ನ ಆಳವನ್ನು ತಾನೇ ಹೇಳಿತು. ಮೂರು ಸಲವೂ ನಿಮ್ಮ ನಮೂನೆಯಲ್ಲಿ ಅದಕ್ಕೆ ಕಾಲಮ್ಮು ಇರಲಿಲ್ಲ. ಜ್ವರ ಬಂದವನು ಮಿಸುಕಾಡುತ್ತಾನೆಂದು ಪಕ್ಕದ ಮಂಚದವನ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟರೆ ಆಸ್ಪತ್ರೆಯಲ್ಲಿ ಯಾರಿಗೂ ಜ್ವರವಿಲ್ಲ, ನಿಜ.

ಇಷ್ಟು ಹೇಳಿ ಒಂದು ಮಾತು ಮುಚ್ಚಿಟ್ಟರೆ ನನ್ನ ಪುಸ್ತಕವೂ ನಿಮ್ಮ ವರದಿಯ ಜಾತಿಗೇ ಸೇರುತ್ತದೆ. ಮೂರನೆಯ ಗೋಡೆಯ ಕಲ್ಲು ಸಾಗಿಸಿದ್ದು ನನ್ನ ದೋಣಿಗಳು. ಅಕ್ಕ ಹೊಲಿಗೆ ಮಾಡಿ ನನ್ನನ್ನು ಸಾಕಿದವಳು. ಕಲ್ಲು ಹೇರಿಕೊಂಡು ಅವಳ ಕಿಟಕಿಯ ಮುಂದೆ ಹಾದುಹೋದಾಗ ಸೂಜಿಗೆ ದಾರ ಪೋಣಿಸುತ್ತಲೇ ಕೇಳಿದ್ದಳು:

"ಅಲ್ವೋ, ಆ ಕಡೆ ಬಿಡ್ದೇ ಇದ್ರೆ ನೀರು ಯಾವ ಕಡೆ ಬರುತ್ತೆ?"

"ಓದಿದೋರು ನಕ್ಷೆ ಹಾಕಿದಾರೆ ಅಕ್ಕಾ. ನೀನು ಗುಂಡಿ ಹೊಲಿ."

ಅವಳು ಗುಂಡಿ ಹೊಲಿದಳು. ಕಳೆದ ಮಳೆಗಾಲದಲ್ಲಿ ಅವಳ ಮನೆಯ ಹಿಂದಿನ ಗೋಡೆ ಬಿರುಕು ಬಿಟ್ಟ ದಿನ, ಹೊಲಿಗೆ ಯಂತ್ರವನ್ನು ಮುಂದಿನ ಕೋಣೆಗೆ ಎಳೆದುಕೊಂಡಳು. ಆಗ ನನ್ನನ್ನು ಬೈದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲವೇನೋ.

ಆದ್ದರಿಂದ ಮಳೆ ಹಿಡಿಯುವ ಮುನ್ನ ಮೂರನೆಯ ಗೋಡೆಯನ್ನು ನಲವತ್ತು ಅಡಿ ಮೋಟು ಮಾಡಿ. ಬಿಚ್ಚಿದ ಕಲ್ಲನ್ನು ನಮ್ಮ ದಂಡೆಯ ಬುಡಕ್ಕೆ ಹಾಸಿ. ಸಾಗಿಸಲು ಬೇರೆಯವರನ್ನು ಹುಡುಕಬೇಡಿ. ತಂದವನೇ ವಾಪಸ್ಸು ತರುತ್ತೇನೆ. ನಾಲ್ಕನೆಯ ಕಂಬವನ್ನು ಅಕ್ಕನ ಮನೆಯ ಹಿಂದೆ ನೆಡಿಸಿ. ಅದೂ ಹೋದರೆ, ಹೋಯಿತು ಎಂದು ಬರೆಯಿರಿ.

ಜಾಗ ನೋಡಲು ತಾವೇ ಬರುವುದಾದರೆ ಬಹಳ ಸಂತೋಷ. ಅಕ್ಕನ ಹಿಂಬಾಗಿಲಿನಿಂದ ಹೆಜ್ಜೆ ಎಣಿಸುತ್ತಾ ನಡೆಯಿರಿ. ಒಂಬತ್ತು ಎಂದು ಬರೆದಿರುವುದು ನನ್ನ ಹೆಜ್ಜೆಯ ಲೆಕ್ಕ, ಅದೂ ಈ ಬೆಳಗಿನದು. ತಾವು ಎತ್ತರದ ಆಳೆಂದು ಕೇಳಿದ್ದೇನೆ. ಏಳಕ್ಕೇ ನಿಲ್ಲುವುದು ಒಳ್ಳೆಯದು.

ಇಂತಿ,
ನಿಮ್ಮ ಕಲ್ಲನ್ನು ಒಂದೂ ಮುಳುಗಿಸದೆ ತಲುಪಿಸಿದ
ದೋಣಿಯವನು