ರೋಗಿಯನ್ನು ಬಿಟ್ಟು ಎಲ್ಲರನ್ನೂ ಕೇಳಿದಿರಿ

ಮಾನ್ಯ ಆಸ್ಪತ್ರೆ ನಿರ್ದೇಶಕರೇ,

ನಿಮ್ಮ ಆಸ್ಪತ್ರೆಯ ನಾಲ್ಕನೇ ಮಹಡಿಯಲ್ಲಿ ನನ್ನ ಹೆಂಡತಿ ಇನ್ಶಿರಾಹ್ ಮೂವತ್ತೆಂಟು ದಿನ ಮಲಗಿದ್ದಳು. ಆಕೆಯ ರಕ್ತದಲ್ಲಿ ಪೊಟ್ಯಾಸಿಯಂ ಏಕೆ ನಿಲ್ಲುತ್ತಿಲ್ಲ ಎಂದು ನೀವು ಪ್ರಯೋಗಾಲಯವನ್ನು ಕೇಳಿದಿರಿ, ಹೃದಯದ ಯಂತ್ರವನ್ನು ಕೇಳಿದಿರಿ, ಕೈರೋದ ತಜ್ಞರನ್ನು ಫೋನಿನಲ್ಲಿ ಕೇಳಿದಿರಿ, ಗಂಡನಾದ ನನ್ನನ್ನು ಕಾರಿಡಾರಿನಲ್ಲಿ ನಿಲ್ಲಿಸಿ ಮತ್ತೆ ಮತ್ತೆ ಕೇಳಿದಿರಿ. "ಅಮ್ಮ, ನೀವು ದಿನಾ ಏನು ಕುಡೀತೀರಿ?" ಎಂದು ಆಕೆಯನ್ನು ಮಾತ್ರ ಯಾವ ವೈದ್ಯರೂ ಕೇಳಲಿಲ್ಲ. ಇದು ನನ್ನ ದೂರು. ದೂರಿನ ದೊಡ್ಡ ಪಾಲು ನನ್ನ ಮೇಲೆಯೇ ಇದೆ. ಅದನ್ನು ಮುಚ್ಚಿಟ್ಟು ನಿಮ್ಮನ್ನಷ್ಟೇ ಬೈಯಲು ಈಗ ನನಗೆ ಮುಖವಿಲ್ಲ.

ಕರುಳಿನಲ್ಲಿ ಗಡ್ಡೆ ಇದೆ, ಅದು ಕ್ಯಾನ್ಸರ್ ಎಂದು ತಿಳಿದ ದಿನ ಇನ್ಶಿರಾಹ್ ವೈದ್ಯರ ಕೋಣೆಯ ಹೊರಗೆ ಬೆಂಚಿನ ಮೇಲೆ ಕುಳಿತು ಯಾರದೋ ಮಗುವಿಗೆ ಕಿತ್ತಳೆ ಸುಲಿದು ಕೊಡುತ್ತಿದ್ದಳು. ಒಳಗೆ ಇದ್ದವರು ನಾನು ಮತ್ತು ನಮ್ಮ ಮಗಳು ರಬಾಬ್. ನಮ್ಮ ಮನೆಗಳಲ್ಲಿ ಆ ಹೆಸರನ್ನು ರೋಗಿಯ ಮುಂದೆ ಎತ್ತುವುದಿಲ್ಲ. ರೋಗಿ ಇಲ್ಲದಾಗಲೂ "ಆ ಕೆಟ್ಟ ಕಾಯಿಲೆ" ಎಂದು ದನಿ ತಗ್ಗಿಸುತ್ತೇವೆ. ಶಸ್ತ್ರವೈದ್ಯರು ಡಾ. ವಜೀಹ್, ನನ್ನ ಹಳೆಯ ವಿದ್ಯಾರ್ಥಿ.

"ಅವಳಿಗೆ ಹೇಳ್ಬೇಡಪ್ಪ. ಹುಣ್ಣು ಅಂತ ಹೇಳು ಸಾಕು. ಏನೇ ಇದ್ರೂ ನನ್ನ ಹತ್ರ ಮಾತಾಡು," ಎಂದೆ.

"ನೀವು ಹೇಳಿದ ಮೇಲೆ ಮುಗೀತು ಮೇಷ್ಟ್ರೇ," ಎಂದರು ಅವರು.

ನಿಜಕ್ಕೂ ಅಲ್ಲಿಗೇ ಮುಗಿಯಿತು. ಅಂದಿನಿಂದ ಆಕೆಯ ಹೊಟ್ಟೆಯ ಸಕಲ ವ್ಯವಹಾರವೂ ನನ್ನ ಮೂಲಕ ನಡೆಯಿತು. ಶಸ್ತ್ರಚಿಕಿತ್ಸೆಯ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದವನು ನಾನು. ಓದು ಬರಹ ಬಲ್ಲ, ಇಪ್ಪತ್ತೆರಡು ವರ್ಷ ಅಂಚೆ ಕಚೇರಿಯ ಕಿಟಕಿಯಲ್ಲಿ ಕುಳಿತು ಊರಿನವರ ಸಹಿಗಳನ್ನೆಲ್ಲ ತಾಳೆ ನೋಡಿದ ಹೆಂಗಸು ಹತ್ತು ಹೆಜ್ಜೆ ದೂರದಲ್ಲಿ ಹಾಸಿಗೆಯ ಮೇಲೆ ಎಚ್ಚರವಾಗಿಯೇ ಇದ್ದಳು. ನಿಮ್ಮ ಗುಮಾಸ್ತರು ಕಾಗದವನ್ನು ನನ್ನತ್ತ ತಳ್ಳಿದರು, ನಾನು ಪೆನ್ನು ತೆಗೆದೆ. ಇಷ್ಟು ಸಲೀಸಾಗಿ ನಿಮ್ಮ ಕಚೇರಿಯಲ್ಲಿ ಬೇರೆ ಯಾವ ಕೆಲಸವಾದರೂ ನಡೆದದ್ದುಂಟೇ?

ದಾಖಲಾದ ದಿನ ಬಂದ ರಕ್ತ ಪರೀಕ್ಷೆಯ ಚೀಟಿಯಲ್ಲಿ ಪೊಟ್ಯಾಸಿಯಂ ಎರಡು ಪಾಯಿಂಟ್ ಏಳು ಎಂದಿತ್ತು. ಕನಿಷ್ಠ ಮೂರೂವರೆ ಇರಬೇಕು. ಅದು ಕಡಿಮೆಯಿದ್ದರೆ ಹೃದಯ ತಾಳ ತಪ್ಪುತ್ತದೆ, ಕೊಯ್ದ ಕರುಳು ಮತ್ತೆ ಕೆಲಸ ಶುರು ಮಾಡುವುದಿಲ್ಲ ಎಂದು ವಜೀಹ್ ನನಗೆ ವಿವರಿಸಿದರು. ನಾನು ಗಂಭೀರವಾಗಿ ತಲೆಯಾಡಿಸಿದೆ. ಮೂವತ್ತೊಂದು ವರ್ಷ ರಸಾಯನಶಾಸ್ತ್ರ ಕಲಿಸಿದವನು ನಾನು. ಪೊಟ್ಯಾಸಿಯಂ ಚೂರನ್ನು ನೀರಿಗೆ ಹಾಕಿ ನೇರಳೆ ಜ್ವಾಲೆ ತೋರಿಸಿ ಮಕ್ಕಳ ಚಪ್ಪಾಳೆ ಗಿಟ್ಟಿಸಿದವನು. ನನಗೆ ಯಾರಾದರೂ ಪೊಟ್ಯಾಸಿಯಂ ಬಗ್ಗೆ ಹೇಳಿಕೊಡುವುದೇ!

"ಮನೆಮದ್ದು, ಮೂಲಿಕೆ, ಭೇದಿಗೆ ಏನಾದ್ರೂ ತಗೋತಾರಾ?" ಎಂದು ಅವರು ಕೇಳಿದರು.

"ಛೇ, ನಮ್ಮ ಮನೇಲಿ ಅಂಥ ಮೌಢ್ಯ ಇಲ್ಲ," ಎಂದೆ.

ಹಾಗೆನ್ನುವಾಗ ನನ್ನ ಕೈಚೀಲದಲ್ಲಿ ಫ್ಲಾಸ್ಕ್ ಇತ್ತು. ಅದರಲ್ಲಿ ಅರ್ಕಸೂಸ್ ಇತ್ತು. ಅತಿಮಧುರದ ಬೇರನ್ನು ನೆನೆಸಿ ಸೋಸಿದ ಕಪ್ಪು ಪಾನಕ, ರಮದಾನ್ ಬಂದರೆ ನಮ್ಮ ಬೀದಿಯ ಪ್ರತಿ ಮನೆಯಲ್ಲೂ ಇರುವಂಥದ್ದು. ಹೊಟ್ಟೆನೋವು ಶುರುವಾದಂದಿನಿಂದ ಇನ್ಶಿರಾಹ್ ಅದನ್ನು ದಿನಾ ಕುಡಿಯುತ್ತಿದ್ದಳು, ಹೊಟ್ಟೆಗೆ ತಂಪು ಎಂದು. ಅದು ಮದ್ದಲ್ಲ, ಮೂಲಿಕೆಯಲ್ಲ, ಬರೀ ಪಾನಕ. ಆದ್ದರಿಂದ ನಾನು ಸುಳ್ಳು ಹೇಳಿರಲಿಲ್ಲ. ನೋಡಿ, ಈಗಲೂ ಹೇಗೆ ನುಣುಚಿಕೊಳ್ಳುತ್ತಿದ್ದೇನೆ!

ಆ ಬೇರು ದೇಹದ ಪೊಟ್ಯಾಸಿಯಂ ಅನ್ನು ಮೂತ್ರದಲ್ಲಿ ಹೊರಗೆ ಹಾಕುತ್ತದೆ, ಕುಡಿಯುವುದು ನಿಂತ ಮೇಲೂ ವಾರಗಟ್ಟಲೆ ಹಾಕುತ್ತಲೇ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದಿರುವುದು ಅಪರಾಧವಲ್ಲ. ಕೇಳಿದಾಗ ಎದೆಯುಬ್ಬಿಸಿ ಇಲ್ಲ ಎಂದದ್ದು ಅಪರಾಧ. ಆಕೆಯ ಸಿರೆಗೆ ನೀವು ಪೊಟ್ಯಾಸಿಯಂ ಹನಿಸುತ್ತಿದ್ದಿರಿ. "ಕೈ ಉರೀತದೆ ಕಣ್ರೀ, ಇದೇನಿದು?" ಎಂದು ಆಕೆ ಕೇಳಿದರೆ "ಶಕ್ತಿಗೆ" ಎನ್ನುತ್ತಿದ್ದೆ. ಸಂಜೆ ಭೇಟಿಯ ಹೊತ್ತಿಗೆ ಫ್ಲಾಸ್ಕ್ ತುಂಬಿ ಒಯ್ಯುತ್ತಿದ್ದೆ. ನೀವು ತುಂಬಿದ್ದನ್ನು ನಾನು ಬಸಿಯುತ್ತಿದ್ದೆ. ಎರಡು ಸಲ ಶಸ್ತ್ರಚಿಕಿತ್ಸೆಯ ದಿನ ಗೊತ್ತಾಯಿತು. ಎರಡು ಸಲವೂ ಆಕೆ ಉಪವಾಸವಿದ್ದು, ಕರುಳು ತೊಳೆಯುವ ಆ ಉಪ್ಪುಪ್ಪು ಪುಡಿಯ ನೀರನ್ನು ಕುಡಿದು, ಭೇದಿಯಿಂದ ಬಸವಳಿದು, ಕೊನೆಗೆ ಸಂಖ್ಯೆ ಮತ್ತೆ ಇಳಿದಿದೆ ಎಂದು ವಾಪಸಾದಳು. "ಹುಣ್ಣಿಗೆ ಇಷ್ಟೆಲ್ಲಾ ಯಾಕೆ?" ಎಂದಳು. ನಾನು ಆಕೆಗೆ ಒಂದು ಲೋಟ ಅರ್ಕಸೂಸ್ ಬಗ್ಗಿಸಿ ಕೊಟ್ಟೆ. ನಿಜ ಹೇಳುವ ಧೈರ್ಯವಿಲ್ಲದವನು ಆಕೆ ಕೇಳಿದ್ದನ್ನಾದರೂ ಕೊಡೋಣ ಎಂದುಕೊಂಡೆ.

ಮೂರನೇ ಸಲ, ಗಡ್ಡೆ ದಾರಿ ಮುಚ್ಚುವ ಮುಂಚೆ ತೆಗೆಯಲೇಬೇಕೆಂದು, ಸಂಖ್ಯೆ ಮೂರೂವರೆಯ ಬಳಿಗೆ ಬಂದ ಗಳಿಗೆ ನೋಡಿ ಕೊಯ್ದರು. ಮೂರನೇ ದಿನ ಆಕೆಯ ಹೃದಯ ಓಡಿತು, ನಿಂತಿತು, ಮತ್ತೆ ಓಡಿತು. ತೀವ್ರ ನಿಗಾ ಘಟಕದ ಗಾಜಿನಾಚೆ ನಿಂತು ನಾನು ಹೃದಯದ ಯಂತ್ರದ ಹಸಿರು ಗೆರೆ ನೋಡುತ್ತಿದ್ದೆ. ಒಂಬತ್ತು ದಿನ ಕರುಳು ಅಲುಗಲಿಲ್ಲ. ಹೊಟ್ಟೆ ಬಿಗಿದು ಊದಿಕೊಂಡಿತು, ಮೂಗಿನಿಂದ ಕೊಳವೆ ಇಳಿಸಿದರು. ಆಗ ಮಾತ್ರ ನಿಮ್ಮವರೆಲ್ಲರೂ ಆಕೆಯನ್ನೇ ನೇರವಾಗಿ ಒಂದು ಪ್ರಶ್ನೆ ಕೇಳಿದರು. ಪ್ರಾಧ್ಯಾಪಕರಿಂದ ಕಸ ಗುಡಿಸುವಾಕೆಯವರೆಗೆ ಒಂದೇ ಪ್ರಶ್ನೆ: "ಗಾಳಿ ಹೋಯ್ತಾ?" ಆಕೆ ನಾಚಿಕೆಯಿಂದ ಗೋಡೆಯತ್ತ ತಿರುಗುತ್ತಿದ್ದಳು.

ಹತ್ತನೇ ದಿನ ಗಾಳಿ ಹೋಯಿತು. ಗುಟುಕು ಗುಟುಕಾಗಿ ಏನಾದರೂ ಕುಡಿಯಬಹುದು ಎಂದರು. ಸಂತೋಷದಿಂದ ಓಡಿಹೋಗಿ ಫ್ಲಾಸ್ಕ್ ತಂದೆ. ಮುಚ್ಚಳ ತೆಗೆದೊಡನೆ ದಾದಿ ಇಹ್ಸಾನ್ ಮೂಗರಳಿಸಿದಳು.

"ಮೇಷ್ಟ್ರೇ, ಇದು ಅರ್ಕಸೂಸ್ ತಾನೆ?"

"ಹೌದಮ್ಮ, ಇವಳಿಗೆ ಇಷ್ಟ."

ಅವಳು ನನ್ನನ್ನು ಬಿಟ್ಟು ಹಾಸಿಗೆಯ ಕಡೆ ಬಾಗಿದಳು. "ಅಮ್ಮ, ಇದನ್ನ ಯಾವಾಗಿಂದ ಕುಡೀತಿದ್ದೀರಿ?"

"ಮೂರು ತಿಂಗಳಾಯ್ತು ಮಗಳೇ. ಮನೇಲಿದ್ದಾಗ ದಿನಕ್ಕೆ ನಾಕು ಲೋಟ. ಇಲ್ಲಿಗೆ ಬಂದ ಮೇಲೆ ಇವರು ಎಷ್ಟು ತರ್ತಾರೋ ಅಷ್ಟು."

"ಯಾರಿಗೂ ಹೇಳಿಲ್ವಾ?"

"ಯಾರು ಕೇಳಿದ್ರು?"

ಇಹ್ಸಾನ್ ಫ್ಲಾಸ್ಕನ್ನು ನನ್ನ ಕೈಯಿಂದ ತೆಗೆದುಕೊಂಡು ಹೋಗಿ ತೊಟ್ಟಿಗೆ ಸುರಿದಳು. ವಾರ್ಡಿನ ಆರು ಹಾಸಿಗೆಗಳೂ ನೋಡುತ್ತಿದ್ದವು. ನಾನು ಖಾಲಿ ಮುಚ್ಚಳ ಹಿಡಿದು ನಿಂತಿದ್ದೆ. ಅಷ್ಟು ನಾಚಿಕೆ ನನಗೆ ಜೀವನದಲ್ಲಿ ಎಂದೂ ಆಗಿರಲಿಲ್ಲ. ಅದಾದ ಎರಡು ವಾರಕ್ಕೆ ಆ ಸಂಖ್ಯೆ ನಾಲ್ಕಕ್ಕೆ ಏರಿ ಅಲ್ಲಿಯೇ ನಿಂತಿತು.

ನಾನು ನಿಮ್ಮ ಕಚೇರಿಗೆ ಬಂದು ಇದನ್ನೆಲ್ಲ ಹೇಳಿದಾಗ ಮೊಹರು ಒತ್ತಿದ ಉತ್ತರ ಕೊಟ್ಟಿರಿ: "ಸಂಬಂಧಿಕರು ಸೂಕ್ತ ಮಾಹಿತಿ ಒದಗಿಸಿರುವುದಿಲ್ಲ." ಒಪ್ಪಿದೆ, ಅಕ್ಷರಶಃ ನಿಜ. ಆದರೆ ಸ್ವಾಮಿ, ಬಾಯಿಯಿರುವ ರೋಗಿಯ ವಿಷಯವನ್ನು ಸಂಬಂಧಿಕರು ಏಕೆ ಒದಗಿಸಬೇಕು? ನಾನು ಹೆದರಿದ ಗಂಡ. ಹೆದರಿದವರು ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. ಪಕ್ಕಕ್ಕೆ ಸರಿಸುವುದು ನಿಮ್ಮ ಕೆಲಸವಾಗಿತ್ತು. ನೀವು ನನಗೆ ಕುರ್ಚಿ ಹಾಕಿಕೊಟ್ಟಿರಿ. ಅತ್ತು ಕರೆಯುವ ರೋಗಿಗಿಂತ ತಲೆಯಾಡಿಸುವ ಮೇಷ್ಟ್ರು ನಿಮಗೂ ಅನುಕೂಲವಾಗಿದ್ದ ಎಂದರೆ ಸುಳ್ಳಾಗುತ್ತದೆಯೇ?

ನನ್ನ ಬೇಡಿಕೆ ಇಷ್ಟು. ಕೊಯ್ಯುವ ಮುನ್ನ ಏನು ತಿನ್ನುತ್ತೀರಿ, ಏನು ಕುಡಿಯುತ್ತೀರಿ ಎಂದು ರೋಗಿಯನ್ನೇ, ಸಂಬಂಧಿಕರನ್ನು ಹೊರಗೆ ಕಳಿಸಿ, ನಮ್ಮ ಆಡುಮಾತಿನಲ್ಲಿ ಕೇಳಿ. ಅರ್ಕಸೂಸ್ ಎಂಬ ಹೆಸರು ಹಿಡಿದೇ ಕೇಳಿ, ಏಕೆಂದರೆ ಅದನ್ನು ಯಾರೂ ಮದ್ದು ಎಂದುಕೊಳ್ಳುವುದಿಲ್ಲ. ಸಹಿ ಹಾಕಲು ಬರುವವರಿಂದ ಸಹಿ ಹಾಕಿಸಿಕೊಳ್ಳಿ.

ಇಲ್ಲಿಯವರೆಗೆ ಬರೆದು ಪೆನ್ನು ಕೆಳಗಿಟ್ಟಿದ್ದೆ. ಈ ಪತ್ರವನ್ನು ಪತ್ರಿಕೆಗೂ ಕಳಿಸುವವನಿದ್ದೇನೆ; ಅಲ್ಲಿ ಬಂದರೆ ಇನ್ಶಿರಾಹ್ ಓದುತ್ತಾಳೆ. ತನ್ನ ಕಾಯಿಲೆಯ ಹೆಸರು ಆಕೆಗೆ ಮೊದಲ ಸಲ ಅಲ್ಲಿ ಸಿಗಬಾರದು. ನಿನ್ನೆ ಬೆಳಿಗ್ಗೆ ಬಾಲ್ಕನಿಯಲ್ಲಿ ಆಕೆ ಮುಲೂಖಿಯಾ ಸೊಪ್ಪು ಬಿಡಿಸುತ್ತಿದ್ದಾಗ ಮೊದಲಿನಿಂದ ಓದಿ ಹೇಳಿದೆ. ಎರಡನೇ ಪ್ಯಾರಾಕ್ಕೆ ಆಕೆಯ ಕೈ ನಿಂತಿತು. ಓದಿ ಮುಗಿಸಿದಾಗ ಸೊಪ್ಪನ್ನು ಪಕ್ಕಕ್ಕೆ ಸರಿಸಿದಳು.

"ರಬಾಬ್‌ಗೂ ಗೊತ್ತಿತ್ತು."

"ಹ್ಞೂಂ."

"ಆ ಕಾಗದಕ್ಕೆ ನಿಮ್ಮ ಸಹಿ. ಹೊಟ್ಟೆ ಯಾರದು?"

ನಾನು ಅತ್ತುಬಿಟ್ಟೆ. ಆಕೆ ಸಮಾಧಾನ ಮಾಡಲಿಲ್ಲ, ಮಾಡಬೇಕಾಗಿಯೂ ಇರಲಿಲ್ಲ.

"ಅದು ಪೂರ್ತಿ ಹೋಗಿದೆಯಾ?" ಎಂದಳು ಕೊನೆಗೆ.

"ಹೋಗಿದೆ ಅಂತಾರೆ. ವಜೀಹ್‌ನನ್ನ ಇನ್ನೊಂದ್ಸಲ ಕೇಳ್ತೀನಿ."

"ನೀವು ಕೇಳಿದ್ದು ಸಾಕು. ನಾನೇ ಕೇಳ್ತೀನಿ. ನೀವು ಹೊರಗೆ ಕೂತಿರಿ."

ಗುರುವಾರ ಹನ್ನೊಂದು ಗಂಟೆಗೆ ಆಕೆ ಡಾ. ವಜೀಹ್ ಅವರ ಕೋಣೆಗೆ ಬರುತ್ತಾಳೆ. ನಾನು ಹೊರಗೆ ಅದೇ ಬೆಂಚಿನ ಮೇಲೆ ಇರುತ್ತೇನೆ. ನಿಮ್ಮವರಿಗೆ ದಯವಿಟ್ಟು ತಿಳಿಸಿ, ಯಾರೂ ನನ್ನನ್ನು ಒಳಗೆ ಕರೆಯಬಾರದು.

ಇಂತಿ,
ತಲೆ ತಗ್ಗಿಸಿ,
ಫಿಕ್ರಿ ಝಹ್ರಾನ್
ನಿವೃತ್ತ ರಸಾಯನಶಾಸ್ತ್ರ ಶಿಕ್ಷಕ
(ಈ ಸಹಿ ನನ್ನೊಬ್ಬನ ಪರವಾಗಿ ಮಾತ್ರ)